ಎಂಟು ಗಂಟೆಯ ರಕ್ತ, ನಾಲ್ಕು ಗಂಟೆಯ ರಕ್ತ

ಸಕ್ಕರೆ ಪರೀಕ್ಷೆಗೆ ಬಂದವರನ್ನು ‘ತಿಂಡಿ ಆಯ್ತಾ?’ ಎಂದು ಕೇಳುತ್ತೇವೆ. ಥೈರಾಯ್ಡ್‌ಗೆ ಬಂದವರನ್ನು ‘ಮಾತ್ರೆ ತಗೊಂಡ್ರಾ?’ ಎನ್ನುತ್ತೇವೆ. ಚೀಟಿಯಲ್ಲಿ ಕಾರ್ಟಿಸಾಲ್ ಎಂದು ಬರೆದಿದ್ದರೆ ನಾನು ಮೊದಲು ನೋಡುವುದು ಗೋಡೆಯ ಗಡಿಯಾರವನ್ನು. ಶಿವಮೊಗ್ಗದಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತ ನನ್ನ ಕೂದಲು ಬೆಳ್ಳಗಾಗಿದೆ. ಇಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಜಗಳಕ್ಕೆ ಬಿದ್ದಿರುವುದು ಈ ಒಂದು ಪರೀಕ್ಷೆಯ ವಿಷಯದಲ್ಲೇ. ‘ಬೆಳಿಗ್ಗೆ ಎಂಟಕ್ಕೇ ಬರಬೇಕು’ ಎಂದರೆ, ‘ಮಧ್ಯಾಹ್ನ ಸಂತೆ ಮುಗಿಸಿ ಬಂದ್ರೆ ಆಗಲ್ವಾ? ರಕ್ತ ಅದೇ ಅಲ್ವಾ?’ ಎನ್ನುತ್ತಾರೆ.

ರಕ್ತ ಅದೇ, ಕಾರ್ಟಿಸಾಲ್ ಅದೇ ಅಲ್ಲ. ಹಗಲು ದುಡಿದು ರಾತ್ರಿ ಮಲಗುವ ಆರೋಗ್ಯವಂತರಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಡೆಸಿಲೀಟರ್‌ಗೆ ಹತ್ತು ಹದಿನೈದು ಮೈಕ್ರೋಗ್ರಾಂ ಇರುವ ಈ ಹಾರ್ಮೋನು ಸಂಜೆ ನಾಲ್ಕಕ್ಕೆ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಮಧ್ಯರಾತ್ರಿ ಗಾಢ ನಿದ್ದೆಯಲ್ಲಿ ಎರಡಕ್ಕಿಂತಲೂ ಕೆಳಗೆ ಹೋಗಬಹುದು. ಆದ್ದರಿಂದಲೇ ವೈದ್ಯರು ಕೆಲವರಿಗೆ ಎಂಟು ಗಂಟೆಗೊಂದು, ನಾಲ್ಕು ಗಂಟೆಗೊಂದು ಎಂದು ಎರಡು ಸಲ ರಕ್ತ ಕೊಡಲು ಬರೆಯುತ್ತಾರೆ. ಬೆಳಿಗ್ಗೆ ಹನ್ನೆರಡು ಬಂದರೆ ಸಂತೋಷ. ಅದೇ ಹನ್ನೆರಡು ಮಧ್ಯರಾತ್ರಿ ಬಂದರೆ ವೈದ್ಯರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಹೊತ್ತು ಬರೆಯದ ಕಾರ್ಟಿಸಾಲ್ ವರದಿ ಎಂದರೆ ಊರಿನ ಹೆಸರಿಲ್ಲದ ಬಸ್ಸಿನ ಬೋರ್ಡು: ನಂಬರ್ ಇದೆ, ಹತ್ತಿ ಕೂತರೆ ಎಲ್ಲಿ ಇಳಿಸುತ್ತದೋ ತಿಳಿಯದು.

ಈಚೀಚೆಗೆ ಇನ್ನೊಂದು ಬಗೆಯವರು ಬರುತ್ತಿದ್ದಾರೆ. ಮೊಬೈಲಿನಲ್ಲಿ ಏನೋ ನೋಡಿಕೊಂಡು ಬಂದು, ‘ಮೇಡಂ, ನನಗೆ ಟೆನ್ಷನ್ ಎಷ್ಟಿದೆ ಅಂತ ಕಾರ್ಟಿಸಾಲ್ ನೋಡಿ ಹೇಳ್ತೀರಾ?’ ಎನ್ನುವವರು. ಅವರಿಗೆ ಹೇಳಬೇಕಾದ್ದನ್ನು ನಾನು ಕಲಿತದ್ದು ವೈದ್ಯಕೀಯ ಪುಸ್ತಕಕ್ಕಿಂತ ಹೆಚ್ಚಾಗಿ ಆಫ್ರಿಕಾದ ಬಬೂನ್ ಮತ್ತು ಚಿಂಪಾಂಜಿಗಳ ಮೇಲಿನ ಸಂಶೋಧನೆಗಳನ್ನು ಓದಿ. ನಾನು ಕಾಡು ಸುತ್ತಿದವಳಲ್ಲ. ಆದರೆ ಸ್ಯಾಂಪಲ್ ಸಂಗ್ರಹಿಸುವವರ ಕಷ್ಟ ಇನ್ನೊಬ್ಬ ಸ್ಯಾಂಪಲ್ ಸಂಗ್ರಹಿಸುವವಳಿಗೆ ಬೇಗ ಅರ್ಥವಾಗುತ್ತದೆ. ಮುಂದಕ್ಕೆ ಚಾಚಿದ ಕೈಯಿಂದ ರಕ್ತ ತೆಗೆಯುವುದಕ್ಕೇ ನಾವು ಹೆಣಗುತ್ತೇವೆ. ಮರದ ತುದಿಯಲ್ಲಿ ಕೂತ ಚಿಂಪಾಂಜಿಯಿಂದ, ಅದೂ ಸರಿಯಾದ ಹೊತ್ತಿಗೆ, ಸ್ಯಾಂಪಲ್ ತರುವವರನ್ನು ಏನೆನ್ನಬೇಕು?

ಮೆದುಳಿನೊಳಗಿನ ಗಡಿಯಾರ

ಮೊದಲು ಈ ಏರಿಳಿತ ಎಲ್ಲಿಂದ ಬರುತ್ತದೆ ನೋಡೋಣ. ಎರಡೂ ಕಿಡ್ನಿಗಳ ನೆತ್ತಿಯ ಮೇಲೆ ಒಂದೊಂದು ಪುಟ್ಟ ಅಡ್ರಿನಲ್ ಗ್ರಂಥಿ ಇದೆ. ಅದರ ಹೊರಪದರದಲ್ಲಿ ಕಾರ್ಟಿಸಾಲ್ ತಯಾರಾಗುತ್ತದೆ. ತಯಾರಿಸು ಎಂಬ ಅಪ್ಪಣೆ ಬರುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ. ಪಿಟ್ಯುಟರಿಗೆ ಅಪ್ಪಣೆ ಕೊಡುವುದು ಅದರ ಮೇಲಿರುವ ಹೈಪೋಥಲಾಮಸ್. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟಾದ ಕೂಡಲೇ ಅದೇ ಮೇಲಕ್ಕೆ ಸುದ್ದಿ ಮುಟ್ಟಿಸಿ ಅಪ್ಪಣೆಯನ್ನು ತಗ್ಗಿಸುತ್ತದೆ.

ಈ ಅಪ್ಪಣೆಗಳಿಗೆ ಹೊತ್ತು ಗೊತ್ತುಮಾಡುವ ಜಾಗವೂ ಹೈಪೋಥಲಾಮಸ್‌ನಲ್ಲೇ ಇದೆ. ಕಣ್ಣಿನಿಂದ ಬರುವ ನರಗಳು ಒಂದನ್ನೊಂದು ದಾಟುವ ಕಡೆ, ಅದರ ಸ್ವಲ್ಪ ಮೇಲೆ, ಸುಮಾರು ಇಪ್ಪತ್ತು ಸಾವಿರ ನರಕೋಶಗಳ ಒಂದು ಗುಂಪು. 1972ರಲ್ಲಿ ಅಮೆರಿಕದ ರಾಬರ್ಟ್ ಮೂರ್ ಮತ್ತು ವಿಕ್ಟರ್ ಐಕ್ಲರ್ ಇಲಿಗಳಲ್ಲಿ ಈ ಗುಂಪನ್ನು ನಾಶಮಾಡಿ ನೋಡಿದರು. ಇಲಿ ಬದುಕಿತ್ತು, ಅದರ ಅಡ್ರಿನಲ್ ಗ್ರಂಥಿ ಕೆಲಸ ಮಾಡುತ್ತಿತ್ತು, ಆದರೆ ಹಾರ್ಮೋನಿನ ದಿನದ ಏರಿಳಿತ ಅಳಿಸಿಹೋಗಿತ್ತು. ಅದೇ ವರ್ಷ ಮತ್ತೊಂದು ತಂಡ ಇದೇ ಗುಂಪನ್ನು ತೆಗೆದಾಗ ಇಲಿಯ ಓಡಾಟದ, ನೀರು ಕುಡಿಯುವ ಹೊತ್ತುಗಳೂ ಕಲಸಿಹೋದವು. ದೇಹದ ಮುಖ್ಯ ಗಡಿಯಾರ ಎಲ್ಲಿದೆ ಎಂಬುದು ಹಾಗೆ ಪತ್ತೆಯಾಯಿತು. ಪತ್ತೆ ಮಾಡಿಕೊಟ್ಟ ಸುಳಿವುಗಳಲ್ಲಿ ಒಂದು ಅಡ್ರಿನಲ್ ಹಾರ್ಮೋನು ಎಂಬುದು ನನಗೆ ಬಲು ಇಷ್ಟವಾದ ಸಂಗತಿ.

ಇಲಿ ರಾತ್ರಿ ಸಂಚಾರಿ. ಅದರ ಹಾರ್ಮೋನು ಶಿಖರ ಮುಟ್ಟುವುದು ಮುಸ್ಸಂಜೆಗೆ. ನಾವು, ಬಬೂನ್‌ಗಳು, ಚಿಂಪಾಂಜಿಗಳು ಹಗಲು ಸಂಚಾರಿಗಳು. ನಮ್ಮ ಶಿಖರ ಬೆಳಗಿನ ಜಾವದ ಆಚೀಚೆ. ಸೂರ್ಯನಿಗೆ ನಮಸ್ಕಾರ ಮಾಡುವುದು ಈ ಹಾರ್ಮೋನಿನ ಉದ್ದೇಶವಲ್ಲ, ಯಜಮಾನನ ಕೆಲಸದ ಹೊತ್ತಿಗೆ ಮುಂಚೆ ಮನೆ ಸಜ್ಜು ಮಾಡುವುದು. ರಾತ್ರಿ ಎರಡು ಮೂರು ಗಂಟೆಯಿಂದಲೇ ನಮ್ಮಲ್ಲಿ ಅದು ಮೆಲ್ಲಗೆ ಮೇಲೇರತೊಡಗುತ್ತದೆ. ಪಿತ್ತಜನಕಾಂಗದಿಂದ ಸಕ್ಕರೆ ಹೊರಬರಲು ನೆರವಾಗುತ್ತದೆ, ರಕ್ತದೊತ್ತಡವನ್ನು ಎತ್ತಿಹಿಡಿಯುತ್ತದೆ, ದೇಹದ ಬೇರೆ ಬೇರೆ ಅಂಗಗಳ ಸಣ್ಣ ಗಡಿಯಾರಗಳಿಗೆ ಹೊತ್ತು ತಿಳಿಸುತ್ತದೆ. ರಾತ್ರಿಯಿಡೀ ಏನೂ ತಿನ್ನದವರು ಬೆಳಿಗ್ಗೆ ಎದ್ದು ತಲೆ ತಿರುಗದೆ ಹಿತ್ತಲಿಗೆ ನಡೆಯುವುದರಲ್ಲಿ ಇದರ ಪಾಲೂ ಇದೆ.

ಇದರ ಮೇಲೆ ಎಚ್ಚರವಾದಾಗಿನ ಇನ್ನೊಂದು ಏರು. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ಜನರ ಜೊಲ್ಲಿನ ಸ್ಯಾಂಪಲ್‌ಗಳಲ್ಲಿ ತೋರಿಸಿದ್ದು ಇದನ್ನು: ಕಣ್ಣು ಬಿಟ್ಟ ಅರ್ಧ ಗಂಟೆಯೊಳಗೆ ಕಾರ್ಟಿಸಾಲ್ ಇನ್ನೂ ಶೇ. 50ರಿಂದ 75ರಷ್ಟು ಜಿಗಿಯುತ್ತದೆ. ಎಂದರೆ ಎದ್ದ ತಕ್ಷಣ ಕೊಟ್ಟ ಸ್ಯಾಂಪಲ್ಲಿಗೂ ಮುಖ ತೊಳೆದು ಕಾಫಿಗೆ ಕೂತಾಗಿನ ಸ್ಯಾಂಪಲ್ಲಿಗೂ ಭಾರಿ ಅಂತರ. ಸಾಲದ್ದಕ್ಕೆ, ಅಡ್ರಿನಲ್ ಗ್ರಂಥಿ ಹಾರ್ಮೋನನ್ನು ಒಂದೇ ಸಮನೆ ಸುರಿಸುವುದೂ ಇಲ್ಲ. ಸುಮಾರು ಗಂಟೆಗೊಂದರಂತೆ ಅಲೆ ಅಲೆಯಾಗಿ ಬಿಡುತ್ತದೆ. ಬೆಳಿಗ್ಗೆ ಈ ಅಲೆಗಳು ದೊಡ್ಡವು, ರಾತ್ರಿ ಸಣ್ಣವು.

ಹಾಗಾದರೆ ಟೆನ್ಷನ್ ಎಲ್ಲಿ ಬಂತು? ಮಾಂಟ್ರಿಯಲ್‌ನ ಹಾನ್ಸ್ ಸೆಲ್ಯೆ 1936ರಲ್ಲಿ, ಇಲಿಗಳಿಗೆ ಚಳಿ, ಗಾಯ, ವಿಷ, ವಿಪರೀತ ದಣಿವು ಹೀಗೆ ಯಾವ ಕಷ್ಟ ಕೊಟ್ಟರೂ ಒಂದೇ ಬಗೆಯ ಬದಲಾವಣೆ ಕಾಣುತ್ತದೆ, ಅಡ್ರಿನಲ್ ಗ್ರಂಥಿ ದಪ್ಪಗಾಗುತ್ತದೆ ಎಂದು ಬರೆದ. ಅಲ್ಲಿಂದ ಈ ಹಾರ್ಮೋನಿಗೂ ಒತ್ತಡಕ್ಕೂ ಗಂಟು ಬಿತ್ತು. ಗಂಟು ಸುಳ್ಳಲ್ಲ. ಬೆನ್ನ ಹಿಂದೆ ನಾಯಿ ಬೊಗಳಿದರೆ ಅಡ್ರಿನಲಿನ್ ಕ್ಷಣದಲ್ಲಿ ಏರುತ್ತದೆ. ಕಾರ್ಟಿಸಾಲ್ ಕೆಲವು ನಿಮಿಷ ತಡವಾಗಿ ಹೊರಟು ಇಪ್ಪತ್ತು ಮೂವತ್ತು ನಿಮಿಷದಲ್ಲಿ ತುದಿ ಮುಟ್ಟುತ್ತದೆ. ಆದರೆ ಈ ಗಾಬರಿಯ ಏರು ಬಂದು ಕೂರುವುದು ದಿನದ ಏರಿಳಿತದ ಬೆನ್ನ ಮೇಲೆ. ಕೆಳಗಿರುವುದನ್ನು ತಿಳಿಯದೆ ಮೇಲಿರುವುದನ್ನು ಅಳೆಯಲು ಬರುವುದಿಲ್ಲ.

ಏಳರಿಂದ ಹತ್ತರೊಳಗೆ

ಹೊತ್ತು ನೋಡಿ ಅಳೆಯುವ ಈ ಶಿಸ್ತನ್ನು ಕಾಡಿನಲ್ಲಿ ಗಂಭೀರವಾಗಿ ಪಾಲಿಸಿದವರಲ್ಲಿ ಹೆಸರಾದವರು ಅಮೆರಿಕದ ರಾಬರ್ಟ್ ಸಪೋಲ್ಸ್ಕಿ. ಅವರು ಕೀನ್ಯಾದ ಬಯಲುಗಳಲ್ಲಿ ಬಬೂನ್‌ಗಳ ಬೆನ್ನು ಹತ್ತಿದ್ದು 1978ರಿಂದ. ಕೈಯಲ್ಲಿ ಒಂದು ಊದುಗೊಳವೆ, ಅದರೊಳಗೆ ಅರಿವಳಿಕೆ ತುಂಬಿದ ಸೂಜಿಬಾಣ. ಗಂಡು ಬಬೂನಿಗೆ ಗುರಿಯಿಟ್ಟು ಊದಿ, ಅದು ಬಿದ್ದ ಕೂಡಲೇ ಓಡಿಹೋಗಿ ರಕ್ತ ತೆಗೆಯಬೇಕು.

ಅವರು ಹಾಕಿಕೊಂಡಿದ್ದ ಕಟ್ಟಳೆಗಳನ್ನು ಓದಿದಾಗ ನನಗೆ ನಮ್ಮ ಲ್ಯಾಬಿನ ನಿಯಮ ಸಸಾರ ಅನಿಸಿತು. ಬಾಣ ಹೊಡೆಯುವುದು ಬೆಳಿಗ್ಗೆ 7ರಿಂದ 10ರೊಳಗೆ ಮಾತ್ರ. ಆ ಪ್ರಾಣಿ ಕಾಯಿಲೆ ಬಿದ್ದಿರಬಾರದು, ಗಾಯಗೊಂಡಿರಬಾರದು. ಆ ಬೆಳಿಗ್ಗೆ ಜಗಳವಾಡಿರಬಾರದು, ಹೆಣ್ಣಿನೊಡನೆ ಕೂಡಿರಬಾರದು. ಬಾಣ ಬರುವ ಸುಳಿವೂ ಸಿಕ್ಕಿರಬಾರದು, ಸಿಕ್ಕರೆ ಅಳೆಯುವುದು ಅದರ ಎಂದಿನ ಮಟ್ಟವನ್ನಲ್ಲ, ಬಾಣದ ಭಯವನ್ನು. ಬಿದ್ದ ಮೇಲೆ ಹಾರ್ಮೋನು ಏರುವ ಮುಂಚೆ ಕೆಲವೇ ನಿಮಿಷದೊಳಗೆ ರಕ್ತ ಟ್ಯೂಬಿಗೆ ಇಳಿದಿರಬೇಕು. ಹತ್ತು ಗಂಟೆ ದಾಟಿದರೆ ಎಷ್ಟೇ ಚೆನ್ನಾಗಿ ಬೆನ್ನು ತಿರುಗಿಸಿ ಕೂತಿದ್ದರೂ ಆ ದಿನ ಅದು ಬೇಡ.

ಇಷ್ಟು ಕಟ್ಟುನಿಟ್ಟಿನಿಂದ ಬಂದ ಅಂಕಿಗಳು ಒಂದು ಸ್ವಾರಸ್ಯ ಹೇಳಿದವು. ಗುಂಪಿನಲ್ಲಿ ಯಾರು ಮೇಲೆ ಯಾರು ಕೆಳಗೆ ಎಂಬುದು ಗಟ್ಟಿಯಾಗಿದ್ದ ಕಾಲದಲ್ಲಿ, ಮೇಲಿನ ಗಂಡುಗಳ ಎಂದಿನ ಕಾರ್ಟಿಸಾಲ್ ಕಡಿಮೆ, ಕೆಳಗಿನವುಗಳದ್ದು ಹೆಚ್ಚು. ಅಪಾಯ ಬಂದರೆ ಮೇಲಿನವುಗಳಲ್ಲಿ ಅದು ಚುರುಕಾಗಿ ಏರುತ್ತಿತ್ತು, ಬೇಗ ಇಳಿಯುತ್ತಿತ್ತು. ಆದರೆ ಪಟ್ಟ ಅಲುಗಾಡಿ, ದಿನಕ್ಕೊಬ್ಬರು ಇನ್ನೊಬ್ಬರ ಮೇಲೆ ಬೀಳುವ ಕಾಲ ಬಂದಾಗ ದೊಡ್ಡವರ ಈ ಸುಖ ಉಳಿಯಲಿಲ್ಲ.

ಆಮೇಲೆ ನಡೆದದ್ದು ಯಾರೂ ಯೋಜಿಸದ ಪ್ರಯೋಗ. 1980ರ ದಶಕದಲ್ಲಿ ಪ್ರವಾಸಿ ವಸತಿಗೃಹದ ಕಸದ ಗುಂಡಿಯಲ್ಲಿ ಎಸೆದ ಸೋಂಕಿನ ಮಾಂಸ ತಿಂದು ಬಬೂನ್‌ಗಳಿಗೆ ಕ್ಷಯ ಬಂತು. ಕಾಡಂಚಿನ ಒಂದು ಗುಂಪಿನಲ್ಲಿ ಆ ಗುಂಡಿಯವರೆಗೂ ಹೋಗಿ ಬೇರೆ ಗುಂಪಿನೊಡನೆ ಕಾದಾಡಿ ತಿನ್ನುತ್ತಿದ್ದದ್ದು ಜಗಳಗಂಟ ಗಂಡುಗಳು, ಅವೇ ಸತ್ತವು. ಉಳಿದದ್ದು ಹೆಣ್ಣುಗಳು ಮತ್ತು ಸಾಧು ಗಂಡುಗಳು. ಸಪೋಲ್ಸ್ಕಿ ಮತ್ತು ಲೀಸಾ ಶೇರ್ 2004ರಲ್ಲಿ ಪ್ರಕಟಿಸಿದ ಪ್ರಕಾರ, ಆ ಗುಂಪಿನ ನಡವಳಿಕೆಯೇ ಮೆತ್ತಗಾಯಿತು. ವರ್ಷಗಳ ಮೇಲೆ ಹೊರಗಿನಿಂದ ಬಂದು ಸೇರಿದ ಹೊಸ ಗಂಡುಗಳೂ ಅದೇ ಮೆತ್ತಗಿನ ರೀತಿ ಕಲಿತವು. ಕೆಳಗಿನ ಗಂಡುಗಳಲ್ಲಿ ಸಾಮಾನ್ಯವಾಗಿ ಕಾಣುವ ಒತ್ತಡದ ಗುರುತುಗಳು ಅಲ್ಲಿ ಕಾಣಲಿಲ್ಲ. ಎಂದರೆ ಕೆಳಗಿನ ಜಾಗ ತಾನಾಗಿಯೇ ಹಾರ್ಮೋನನ್ನು ಏರಿಸುವುದಿಲ್ಲ. ಮೇಲಿನವರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಎಲೆಯ ಮೇಲಿನ ಹನಿ

ಬಾಣ ಹೊಡೆದು ರಕ್ತ ತೆಗೆಯುವುದು ಎಲ್ಲ ಕಡೆ ಆಗದ ಮಾತು. ಅಳಿವಿನ ಅಂಚಿನ ಚಿಂಪಾಂಜಿಗಳಲ್ಲಂತೂ ಬೇಡವೇ ಬೇಡ. ಅಲ್ಲಿ ಮೂತ್ರವೇ ಗತಿ. ಚಿಂಪಾಂಜಿಗಳು ಬೆಳಿಗ್ಗೆ ಮರದ ಮೇಲಿನ ಗೂಡಿನಲ್ಲಿ ಎದ್ದ ಕೂಡಲೇ, ಮನುಷ್ಯರ ಹಾಗೆಯೇ, ಮೊದಲು ಮಾಡುವ ಕೆಲಸ ಅದು. ಅಷ್ಟರಲ್ಲಿ ಸಂಶೋಧಕರು ಕತ್ತಲಲ್ಲೇ ನಡೆದು ಬಂದು ಕೆಳಗೆ ಪ್ಲಾಸ್ಟಿಕ್ ಹಾಳೆ ಹಿಡಿದು ನಿಂತಿರಬೇಕು. ಹಾಳೆಗೆ ಬೀಳದಿದ್ದರೆ ಎಲೆಯ ಮೇಲಿನ ಹನಿಗಳನ್ನು ಪಿಪೆಟ್‌ನಿಂದ ಹೀರಿಕೊಳ್ಳಬೇಕು. ಯಾರದ್ದು, ಎಷ್ಟು ಗಂಟೆಗೆ ಎಂದು ಅಲ್ಲೇ ಬರೆಯಬೇಕು. ಲ್ಯಾಬಿಗೆ ಬಂದ ಮೇಲೆ ನಮಗೆ ಗೊತ್ತಿರುವ ಇನ್ನೊಂದು ತಾಪತ್ರಯ: ನೀರು ಹೆಚ್ಚು ಕುಡಿದಿದ್ದರೆ ಮೂತ್ರ ತೆಳು, ಹಾರ್ಮೋನೂ ತೆಳು. ಆದ್ದರಿಂದ ಕ್ರಿಯಾಟಿನಿನ್ ಪ್ರಮಾಣವನ್ನೋ ಮೂತ್ರದ ಸಾಂದ್ರತೆಯನ್ನೋ ನೋಡಿ ಅಂಕಿಯನ್ನು ಸರಿದೂಗಿಸುತ್ತಾರೆ.

ಉಗಾಂಡದ ಕಿಬಾಲೆ ಕಾಡಿನ ಕನ್ಯಾವರ ಎಂಬಲ್ಲಿ ಮಾರ್ಟಿನ್ ಮುಲ್ಲರ್ ಮತ್ತು ಸಂಗಡಿಗರು ಹೀಗೆ ಅಳೆದು, ಕಾಡು ಚಿಂಪಾಂಜಿಗಳಲ್ಲೂ ಬೆಳಿಗ್ಗೆ ಹೆಚ್ಚು, ಸಂಜೆಗೆ ಕಡಿಮೆ ಎಂಬ ಇಳಿಜಾರು ಇದೆ ಎಂದು 2003ರಲ್ಲಿ ತೋರಿಸಿದರು. ಮುಂದಿನ ವರ್ಷ ಮುಲ್ಲರ್ ಮತ್ತು ರಿಚರ್ಡ್ ರಾಂಗ್‌ಹ್ಯಾಮ್ ಬರೆದದ್ದು ಬಬೂನ್ ಕಥೆಗೆ ತಿರುಗುಮುರುಗು: ಇಲ್ಲಿ ಮೇಲಿನ ಗಂಡುಗಳಲ್ಲೇ ಕಾರ್ಟಿಸಾಲ್ ಹೆಚ್ಚು. ದೊಡ್ಡಸ್ತಿಕೆ ತೋರಿಸಲು ರೋಮ ನೆಟ್ಟಗೆ ಮಾಡಿ ಕೊಂಬೆ ಎಳೆದಾಡಿ ಓಡುವ ಚಿಂಪಾಂಜಿ ಗಂಡಿಗೆ ಅದಕ್ಕೆ ಶಕ್ತಿ ಬೇಕು. ಶಕ್ತಿಯನ್ನು ಒದಗಿಸುವುದು ಈ ಹಾರ್ಮೋನಿನ ಹಳೆಯ ಕಸುಬು.

ಅದೇ ಕಾಡಿನ ಚಿಂಪಾಂಜಿಗಳನ್ನು ಸುಮಾರು ಎರಡು ದಶಕ ಹಿಂಬಾಲಿಸಿ ಮೆಲಿಸಾ ಎಮರಿ ಥಾಂಪ್ಸನ್ ತಂಡ 2020ರಲ್ಲಿ ಇನ್ನೊಂದು ವಿಷಯ ಹೇಳಿತು. ವಯಸ್ಸಾದಂತೆ ಅವುಗಳ ಕಾರ್ಟಿಸಾಲ್ ಮಟ್ಟ ಏರುತ್ತದೆ, ದಿನದ ಲಯ ಹದ ತಪ್ಪುತ್ತದೆ. ಇದು ಮನುಷ್ಯರ ಮುಪ್ಪಿನಲ್ಲೂ ಕಾಣುವುದೇ. ಪಟ್ಟಣ, ಪಿಂಚಣಿ, ಮಕ್ಕಳ ಮದುವೆ, ಟೀವಿ ಇವ್ಯಾವುವೂ ಇಲ್ಲದ ಜೀವಿಯಲ್ಲೂ ಹಾಗೇ ಆಗುತ್ತದೆ ಎಂದ ಮೇಲೆ, ಮುದುಕರ ನಿದ್ದೆಗೇಡಿತನಕ್ಕೆಲ್ಲ ಈ ಕಾಲವನ್ನೇ ಬಯ್ಯುವ ಹಾಗಿಲ್ಲ.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿರುವ ತಾಯಿ ಎಂಬ ಮಳೆಕಾಡಿನ ಅನಾಥ ಮರಿಗಳ ಅಧ್ಯಯನ. ಅಲ್ಲಿ ಕ್ರಿಸ್ಟೋಫ್ ಬೋಶ್ 1979ರಲ್ಲಿ ಆರಂಭಿಸಿದ ಕೆಲಸ ತಲೆಮಾರು ದಾಟಿ ನಡೆದಿದೆ. ಚಿಂಪಾಂಜಿ ಮರಿ ನಾಲ್ಕೈದು ವರ್ಷ ಹಾಲು ಕುಡಿಯುತ್ತದೆ, ಹಾಲು ಬಿಟ್ಟ ಮೇಲೂ ಹತ್ತು ವರ್ಷದ ಆಚೀಚಿನವರೆಗೆ ಅಮ್ಮನ ಹಿಂದೆಯೇ ಸುತ್ತುತ್ತದೆ. ಅಷ್ಟರಲ್ಲಿ ಅಮ್ಮ ರೋಗಕ್ಕೋ ಚಿರತೆಗೋ ಬೇಟೆಗಾರನಿಗೋ ಬಲಿಯಾದರೆ? ಸೆಡ್ರಿಕ್ ಜಿರಾರ್-ಬುಟೋಜ್ ಮತ್ತು ಸಂಗಡಿಗರು ಹತ್ತೊಂಬತ್ತು ವರ್ಷಗಳ ಮೂತ್ರದ ಸ್ಯಾಂಪಲ್‌ಗಳನ್ನು ನೋಡಿ 2021ರಲ್ಲಿ ಉತ್ತರ ಕೊಟ್ಟರು. ಅಮ್ಮನನ್ನು ಕಳೆದುಕೊಂಡು ಹೆಚ್ಚು ಕಾಲವಾಗಿರದ ಮರಿಗಳಲ್ಲಿ ಕಾರ್ಟಿಸಾಲ್ ಹೆಚ್ಚಿತ್ತು, ಬೆಳಿಗ್ಗೆಯಿಂದ ಸಂಜೆಗೆ ಇಳಿಯುವ ಇಳಿಜಾರು ಕಡಿದಾಗಿತ್ತು. ಆದರೆ ಚಿಕ್ಕಂದಿನಲ್ಲಿ ಅನಾಥರಾಗಿ ಬೆಳೆದು ದೊಡ್ಡವಾದ ಗಂಡುಗಳನ್ನು ನೋಡಿದರೆ, ಅಮ್ಮನೊಡನೆ ಬೆಳೆದವುಗಳಿಗೂ ಅವಕ್ಕೂ ವ್ಯತ್ಯಾಸವಿರಲಿಲ್ಲ.

ಇದನ್ನು ರೊಮೇನಿಯಾದ ಅನಾಥಾಲಯಗಳ ಪಕ್ಕದಲ್ಲಿಟ್ಟು ನೋಡಬೇಕು. 1990ರ ದಶಕದಲ್ಲಿ ಮೇರಿ ಕಾರ್ಲ್‌ಸನ್ ಮತ್ತು ಫೆಲ್ಟನ್ ಅರ್ಲ್ಸ್ ಅಲ್ಲಿನ ಪುಟ್ಟ ಮಕ್ಕಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಅಳೆದಾಗ ಬೆಳಗಿನ ಏರು ಕಾಣದೆ ರೇಖೆ ಚಪ್ಪಟೆಯಾಗಿತ್ತು. ಹೊಟ್ಟೆಗೆ ಊಟವಿತ್ತು, ತಲೆಯ ಮೇಲೆ ಸೂರಿತ್ತು. ಎತ್ತಿಕೊಳ್ಳುವ ಕೈಗಳು ಸಾಲದಾಗಿದ್ದವು. ತಾಯಿ ಕಾಡಿನಲ್ಲಿ ಅನಾಥ ಮರಿಗಳನ್ನು ಗುಂಪಿನ ಬೇರೆಯವರು ಸಾಕಿಕೊಂಡ ಹದಿನೆಂಟು ಪ್ರಸಂಗಗಳನ್ನು ಬೋಶ್ 2010ರಲ್ಲಿ ವರದಿ ಮಾಡಿದ್ದರು. ಅವುಗಳಲ್ಲಿ ಅರ್ಧದಷ್ಟು ಸಾಕಿದವು ಗಂಡುಗಳು. ಇಂಥ ಆಸರೆಯಿಂದ ಮರಿಗಳು ಚೇತರಿಸಿಕೊಂಡಿರಬಹುದು. ಬದುಕಿ ಉಳಿದವನ್ನು ಮಾತ್ರ ಅಳೆಯಲು ಸಾಧ್ಯವಾದ್ದರಿಂದ ಗಟ್ಟಿಮುಟ್ಟಾದವೇ ಲೆಕ್ಕಕ್ಕೆ ಸಿಕ್ಕಿರಲೂಬಹುದು. ಏನೇ ಇರಲಿ, ಬೆಳಗಿನ ಒಂದೇ ಸ್ಯಾಂಪಲ್ಲಿನಿಂದ ಈ ಯಾವುದೂ ತಿಳಿಯುತ್ತಿರಲಿಲ್ಲ. ಮಾತಾಡಿದ್ದು ಇಳಿಜಾರು.

ಹೊತ್ತು ಮರೆಸುವ ಸ್ಯಾಂಪಲ್

ಹೊತ್ತಿನ ಈ ಕಾಟದಿಂದ ತಪ್ಪಿಸಿಕೊಳ್ಳಲು ಒಂದು ದಾರಿಯೂ ಉಂಟು. ಅದು ಮಲ. ಬಬೂನಿನ ಮಲದಲ್ಲಿ ಸಿಗುವುದು ಹೆಚ್ಚುಕಡಿಮೆ ಹಿಂದಿನ ಇಡೀ ದಿನದ ಹಾರ್ಮೋನುಗಳ ಒಟ್ಟು ಮೊತ್ತ. ಗಂಟೆ ಗಂಟೆಯ ಏರಿಳಿತ ಅದರಲ್ಲಿ ಕಲಸಿಹೋಗಿರುತ್ತದೆ. ಲಯ ಬೇಕಾದವನಿಗೆ ಇದು ನಷ್ಟ. ವರ್ಷಗಟ್ಟಲೆ ನೂರಾರು ಪ್ರಾಣಿಗಳ ಸರಾಸರಿ ಬೇಕಾದವನಿಗೆ ಲಾಭ. ಕೂದಲು ಇನ್ನೂ ಮುಂದೆ ಹೋಗುತ್ತದೆ, ತಿಂಗಳುಗಳ ಲೆಕ್ಕವನ್ನು ಒಟ್ಟಿಗೆ ಹಿಡಿದಿಡುತ್ತದೆ. ಲಯವೇ ಬೇಕೆಂದರೆ ಮೂತ್ರ, ಇಲ್ಲವೇ ಜೊಲ್ಲು. 1938ರಲ್ಲಿ ನಮ್ಮ ದೇಶದಿಂದಲೇ ಸುಮಾರು ನಾನೂರು ರೀಸಸ್ ಕೋತಿಗಳನ್ನು ಹಡಗಿನಲ್ಲಿ ಒಯ್ದು ಪೋರ್ಟೊರಿಕೊ ಪಕ್ಕದ ಕಾಯೊ ಸಾಂಟಿಯಾಗೊ ದ್ವೀಪದಲ್ಲಿ ಬಿಟ್ಟಿದ್ದರು. ಅವುಗಳ ಸಂತಾನ ಈಗಲೂ ಅಲ್ಲಿ ಬಿಡುಬೀಸಾಗಿ ತಿರುಗುತ್ತದೆ. ಹಿಡಿಯದೆ, ಚುಚ್ಚದೆ, ಅಗಿಯಲು ಏನಾದರೂ ಕೊಟ್ಟು ಜೊಲ್ಲು ಪಡೆಯುವ ಉಪಾಯವನ್ನು ಆ ಕೋತಿಗಳ ಮೇಲೂ ಪ್ರಯೋಗಿಸಿದ್ದಾರೆ.

ಮಲದ ಅಧ್ಯಯನಕ್ಕೆ ಹೆಸರಾದ ಜಾಗ ಕೀನ್ಯಾದ ಅಂಬೊಸೆಲಿ. ಅಲ್ಲಿ 1971ರಿಂದ ಬಬೂನ್‌ಗಳನ್ನು ಒಂದೊಂದನ್ನೂ ಗುರುತಿಟ್ಟು ನೋಡುತ್ತಿದ್ದಾರೆ. ಲಾರೆನ್ಸ್ ಜೆಸ್ಕಿಯೆರ್ ಮತ್ತು ಜೀನ್ ಆಲ್ಟ್‌ಮನ್ ತಂಡ 125 ಗಂಡುಗಳ ಒಂಬತ್ತು ವರ್ಷದ ಸ್ಯಾಂಪಲ್‌ಗಳನ್ನು ನೋಡಿ 2011ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಕೆಳಗಿನಿಂದ ಮೇಲಕ್ಕೆ ಹೋದಂತೆ ಒತ್ತಡದ ಹಾರ್ಮೋನು ಇಳಿಯುತ್ತ ಬರುತ್ತದೆ, ಆದರೆ ತೀರ ತುದಿಯಲ್ಲಿರುವ ಯಜಮಾನನಲ್ಲಿ ಮತ್ತೆ ಏರುತ್ತದೆ. ಎರಡನೆಯ ಸ್ಥಾನದವನೇ ಸುಖಿ. ಯಜಮಾನ ಕಾದಾಡಬೇಕು, ಹೆಣ್ಣುಗಳನ್ನು ಕಾಯಬೇಕು. ಎರಡನೆಯವನಿಗೆ ಊಟ ಹೆಚ್ಚುಕಡಿಮೆ ಅಷ್ಟೇ, ಜಂಜಾಟ ಕಡಿಮೆ. ಇದನ್ನು ನಾನು ನಮ್ಮ ಲ್ಯಾಬಿನ ಮಾಲೀಕರಿಗೆ ಹೇಳಿದಾಗ ಅವರು ನಗಲಿಲ್ಲ.

ಬೊಟ್ಸ್ವಾನಾದ ಮೊರೆಮಿಯಲ್ಲಿ ಬಬೂನ್ ಸಂಶೋಧಕರಾದ ಡೊರೊತಿ ಚೆನಿ ಮತ್ತು ರಾಬರ್ಟ್ ಸೆಯ್ಫಾರ್ತ್ ಜೊತೆ ದುಡಿದವರು 2006ರಲ್ಲಿ ಹೆಣ್ಣು ಬಬೂನ್‌ಗಳ ದುಃಖವನ್ನೇ ಅಳೆದರು ಎನ್ನಬಹುದು. ಸಿಂಹ, ಚಿರತೆಗಳಿಗೆ ಮಗಳನ್ನೋ ಅಕ್ಕತಂಗಿಯನ್ನೋ ಕಳೆದುಕೊಂಡ ಹೆಣ್ಣುಗಳಲ್ಲಿ ಮುಂದಿನ ನಾಲ್ಕು ವಾರ ಹಾರ್ಮೋನು ಏರಿತ್ತು. ಆ ದಿನಗಳಲ್ಲಿ ಅವು ಮೂಲೆ ಹಿಡಿದು ಕೂರಲಿಲ್ಲ. ಮೊದಲಿಗಿಂತ ಹೆಚ್ಚು ಸಂಗಾತಿಗಳ ಜೊತೆ ಹೇನು ಹೆಕ್ಕುವ ನಂಟು ಬೆಳೆಸಿದವು. ಎರಡನೆಯ ತಿಂಗಳಿಗೆ ಹಾರ್ಮೋನು ಎಂದಿನ ಮಟ್ಟಕ್ಕೆ ಬಂದಿತ್ತು. ಸಾವಿನ ಮನೆಗೆ ನೆಂಟರು ಬಂದು ಕೂರುವ ಪದ್ಧತಿ ನಮ್ಮಲ್ಲಿ ಯಾಕಿದೆ ಎಂದು ನನಗೆ ಯಾರೂ ವಿವರಿಸಬೇಕಿಲ್ಲ.

ಅಂಕಿಯನ್ನು ಜಾತಿಯಿಂದ ಜಾತಿಗೆ ಹಾಗೇ ಹೊತ್ತೊಯ್ಯುವಂತೆಯೂ ಇಲ್ಲ. ದಕ್ಷಿಣ ಅಮೆರಿಕದ ಅಳಿಲು ಕೋತಿ, ಮಾರ್ಮೊಸೆಟ್‌ಗಳ ರಕ್ತದಲ್ಲಿ ಕಾರ್ಟಿಸಾಲ್ ನಮಗಿಂತ ಎಷ್ಟೋ ಪಟ್ಟು ಹೆಚ್ಚು. ಮನುಷ್ಯನಲ್ಲಿ ಅಷ್ಟಿದ್ದರೆ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದರು. ಅವು ಕೊಂಬೆಯಿಂದ ಕೊಂಬೆಗೆ ಹಾರಿಕೊಂಡು ಆರಾಮವಾಗಿವೆ. ಅವುಗಳ ಜೀವಕೋಶಗಳಲ್ಲಿ ಕಾರ್ಟಿಸಾಲನ್ನು ಹಿಡಿಯುವ ಗ್ರಾಹಕ ಸ್ವಲ್ಪ ಕಿವುಡು, ಹಾಗಾಗಿ ಹಾರ್ಮೋನು ಜೋರಾಗಿ ಕೂಗಬೇಕು, ಅಷ್ಟೆ.

ನಮ್ಮ ಟ್ಯೂಬಿಗೆ ಬಂದರೆ

ಈಗ ಮನುಷ್ಯರ ವಿಷಯ. ಇಳಿಜಾರು ಚಪ್ಪಟೆಯಾಗುವುದು ಒಳ್ಳೆಯ ಲಕ್ಷಣವಲ್ಲ ಎಂಬುದಕ್ಕೆ ಹಲವು ಪುರಾವೆಗಳಿವೆ. 2000ದಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ಹರಡಿದ ಸ್ತನ ಕ್ಯಾನ್ಸರ್ ಇದ್ದ 104 ಮಹಿಳೆಯರ ಜೊಲ್ಲಿನ ಸ್ಯಾಂಪಲ್‌ಗಳನ್ನು ಹಗಲಿಡೀ ಅಳೆದು, ರೇಖೆ ಚಪ್ಪಟೆಯಾಗಿದ್ದವರು ಬೇಗ ತೀರಿಕೊಂಡರು ಎಂದು ಕಂಡರು. ಕಾರ್ಟಿಸಾಲ್‌ನಿಂದಲೇ ಹಾಗಾಯಿತು ಎಂದಲ್ಲ. ರೋಗವೇ ಲಯವನ್ನು ಕೆಡಿಸಿರಬಹುದು, ನಿದ್ದೆ ಕೆಟ್ಟಿರಬಹುದು. ಕುಶಿಂಗ್ ಕಾಯಿಲೆಯಲ್ಲಿ ಮಾತ್ರ ಸಂಬಂಧ ನೇರ. ದೇಹದಲ್ಲಿ ಕಾರ್ಟಿಸಾಲ್ ಮಿತಿಮೀರಿ ತಯಾರಾಗುವ ಆ ಕಾಯಿಲೆಯಲ್ಲಿ ಬೆಳಗಿನ ಅಂಕಿ ಎಷ್ಟೋ ಸಲ ಸರಿಯಾಗಿಯೇ ಕಾಣುತ್ತದೆ. ರಾತ್ರಿ ಇಳಿಯಬೇಕಾದ್ದು ಇಳಿಯುವುದಿಲ್ಲ. ಆದ್ದರಿಂದ ಅದನ್ನು ಹಿಡಿಯಲು ರಾತ್ರಿ ಹನ್ನೊಂದು ಹನ್ನೆರಡು ಗಂಟೆಗೆ ಹತ್ತಿಯ ಸುರುಳಿಯನ್ನು ಅಗಿಸಿ ಜೊಲ್ಲು ತೆಗೆಯುತ್ತಾರೆ. ನಮ್ಮ ಪರೀಕ್ಷೆಗಳಲ್ಲಿ ಕತ್ತಲನ್ನು ಕಾದು ಮಾಡುವಂಥವು ಕಡಿಮೆ, ಇದು ಅವುಗಳಲ್ಲೊಂದು.

ಒಮ್ಮೆ ರಾತ್ರಿ ಬಸ್ಸಿನ ಡ್ರೈವರ್ ಒಬ್ಬರು ಎಂಟಕ್ಕೆ ಸರಿಯಾಗಿ ಬಂದರು. ‘ಮೇಡಂ, ಬೆಂಗಳೂರಿಂದ ಈಗಷ್ಟೇ ಗಾಡಿ ತಂದು ನಿಲ್ಸಿದೆ. ರಕ್ತ ಕೊಟ್ಟು ಹೋಗಿ ಮಲಗಿಬಿಡ್ತೀನಿ’ ಎಂದರು. ‘ದಿನಾ ಇದೇ ಡ್ಯೂಟಿನಾ? ರಜೆ ದಿನ ಯಾವಾಗ ಮಲಗ್ತೀರಿ?’ ಎಂದು ಕೇಳಿದೆ. ‘ರಜೇಲಿ ಎಲ್ಲರ ಹಾಗೆ ರಾತ್ರಿ ಮಲಗ್ತೀನಿ ಮೇಡಂ.’ ರಾತ್ರಿ ಪಾಳಿಯವರ ಕಷ್ಟವೇ ಅದು. ಮೆದುಳಿನ ಗಡಿಯಾರ ಬೆಳಕನ್ನು ನಂಬುತ್ತದೆ, ಡ್ಯೂಟಿ ಪಟ್ಟಿಯನ್ನಲ್ಲ. ಬಹಳ ಮಂದಿಯಲ್ಲಿ ಅದು ಪೂರ್ತಿ ತಿರುಗಿಕೊಳ್ಳುವುದೇ ಇಲ್ಲ. ಅವರ ಎಂಟು ಗಂಟೆ ಬೇರೆಯವರ ಎಂಟು ಗಂಟೆ ಅಲ್ಲದೇ ಇರಬಹುದು. ಚೀಟಿಯ ಮೇಲೆ ‘ರಾತ್ರಿ ಪಾಳಿ, ನಿದ್ದೆಯಿಲ್ಲ’ ಎಂದು ಬರೆದು ವೈದ್ಯರಿಗೆ ಫೋನು ಮಾಡಿದೆ. ಅವರು ಬೇರೆ ದಿನ ಗೊತ್ತುಮಾಡಿದರು.

ಟೆನ್ಷನ್ ಅಳೆಸಲು ಬರುವವರಿಗೂ ನಾನು ಹೇಳುವುದು ಇದರ ಸುತ್ತಲೇ. ಆ ಪರೀಕ್ಷೆ ಇರುವುದು ಅಡ್ರಿನಲ್ ಮತ್ತು ಪಿಟ್ಯುಟರಿ ಕಾಯಿಲೆಗಳನ್ನು ಹಿಡಿಯಲು. ನೀವು ಮೆಟ್ಟಿಲು ಹತ್ತಿ ಬಂದಿರಿ, ಸೂಜಿ ನೋಡಿ ಹೆದರಿದಿರಿ, ರಾತ್ರಿ ನಿದ್ದೆಗೆಟ್ಟಿರಿ, ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದೀರಿ: ಎಲ್ಲವೂ ಆ ಅಂಕಿಯನ್ನು ಅಲುಗಾಡಿಸಬಲ್ಲವು. ಬಬೂನಿನ ಮನಸ್ಸನ್ನು ಅಂದಾಜು ಮಾಡಲು ವರ್ಷಗಟ್ಟಲೆ ಅದರ ಹಿಂದೆ ನಡೆದು, ಯಾರೊಡನೆ ಕೂತಿತು, ಯಾರಿಗೆ ಹೆದರಿತು ಎಂದು ಬರೆದುಕೊಂಡು, ಆಮೇಲೆ ಹಾರ್ಮೋನಿನ ಜೊತೆ ತಾಳೆ ನೋಡುತ್ತಾರೆ. ಒಂದು ಟ್ಯೂಬಿನಲ್ಲಿ ನಿಮ್ಮ ಮನಸ್ಸು ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ದುಡ್ಡು ಉಳಿಸಿಕೊಳ್ಳಿ.

ಕೊನೆಯದಾಗಿ, ಊರೂರಲ್ಲೂ ಬೇಕಾದ ಮಾತು. ಮಂಡಿನೋವು, ಉಬ್ಬಸ, ಚರ್ಮದ ಕಾಯಿಲೆಗೆ ಸ್ಟಿರಾಯ್ಡ್ ಮಾತ್ರೆ ನುಂಗುವವರು ನಮ್ಮಲ್ಲಿ ಬಹಳ. ಇವುಗಳ ಮೂಲ ಇದೇ ಅಡ್ರಿನಲ್ ಹಾರ್ಮೋನು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಮಹಿಳೆಗೆ ಅದರ ಸೋದರ ಹಾರ್ಮೋನಾದ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಿದ್ದಳು; ಎರಡೇ ವರ್ಷದಲ್ಲಿ ಹೆಂಚ್‌ಗೂ, ಈ ಹಾರ್ಮೋನುಗಳ ಮೇಲೆ ದುಡಿದಿದ್ದ ಕೆಂಡಾಲ್ ಮತ್ತು ರೈಕ್‌ಸ್ಟೈನ್‌ಗೂ ನೊಬೆಲ್ ಬಂತು. ದಿನಕ್ಕೊಂದು ಮಾತ್ರೆಯಾದರೆ ವೈದ್ಯರು ಬೆಳಗಿನ ತಿಂಡಿಯ ಜೊತೆಗೇ ತಗೊಳ್ಳಿ ಎನ್ನುವುದು ದೇಹದ ಸ್ವಂತ ಏರಿನ ಹೊತ್ತಿಗೆ ಅದನ್ನು ಹೊಂದಿಸಲು; ರಾತ್ರಿ ನುಂಗಿದರೆ ನಿದ್ದೆಯೂ ಕೆಡುತ್ತದೆ, ಗ್ರಂಥಿಯ ಬೆಳಗಿನ ಕೆಲಸಕ್ಕೂ ಅಡ್ಡಿಯಾಗುತ್ತದೆ. ಹೆಚ್ಚು ಕಾಲ ಹೊರಗಿನಿಂದ ಬಂದರೆ ಗ್ರಂಥಿ ತನ್ನ ಕೆಲಸ ನಿಲ್ಲಿಸಿಬಿಡುತ್ತದೆ. ಆಗ ‘ನೋವು ಹೋಯ್ತಲ್ಲ’ ಎಂದು ಮಾತ್ರೆಯನ್ನು ಒಮ್ಮೆಲೇ ಬಿಟ್ಟವರು ರಕ್ತದೊತ್ತಡ ಕುಸಿದು ಆಸ್ಪತ್ರೆ ಸೇರುವುದುಂಟು. ಗ್ರಂಥಿ ಮತ್ತೆ ಬೆಳಿಗ್ಗೆ ತಾನಾಗಿ ಎದ್ದು ದುಡಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ವೈದ್ಯರು ಅರ್ಧ, ಕಾಲು ಎಂದು ಇಳಿಸಿಕೊಡುವುದು ಅದಕ್ಕೆ. ಅವರು ಬರೆದುಕೊಟ್ಟ ಅಷ್ಟೂ ದಿನ ನುಂಗಿ, ಮತ್ತು ನಮ್ಮ ಲ್ಯಾಬಿಗೆ ಬಂದಾಗ ನುಂಗುತ್ತಿದ್ದೀರೆಂದು ಮರೆಯದೆ ಹೇಳಿ.